ಕೂತವರ ಕಲ್ಲು

“ಗುರುಗಳೇ, ಹನ್ನೆರಡು ವರ್ಷ ನಿಮ್ಮ ಬಳಿ ಕಲಿತೆ. ಇದು ನನ್ನಿಂದಾಗದು. ಬೆಟ್ಟ ಹತ್ತುವ ಯಾತ್ರಿಕರಿಗೆ ದಾರಿ ತೋರಿಸುವ ಕೆಲಸಕ್ಕೆ ಹೋಗಲೇ? ಅದರಲ್ಲಾದರೂ ಬಾಳು ಸಾರ್ಥಕವಾದೀತೇ?” ಎಂದು ಶಿಷ್ಯ ಕೇಳಿದ. ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಇತ್ತು.

ಗುರುಗಳು ಹೇಳಿದರು:

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಬಟ್ಟೆ ಅಳೆದು ಅಳೆದು ಅವನಿಗೆ ಬೇಸರ ಬಂತು. ದಿನವೂ ಬೆಟ್ಟದ ತುದಿಯಲ್ಲಿ ನಿಂತು ಲೋಕ ನೋಡುವವರ ಕೆಲಸವೇ ಕೆಲಸ ಎಂದುಕೊಂಡ. ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟ. ಹಿತ್ತಾಳೆ ಹಿಡಿಯ ಕೋಲು ಕೊಂಡ, ಹೊಸ ಮೆಟ್ಟು ಹೊಲಿಸಿದ. ಬೆಟ್ಟದಲ್ಲಿ ದಾರಿ ತೋರಿಸುತ್ತಿದ್ದ ಒಬ್ಬ ಮುದುಕಿಯ ಬಳಿಗೆ ಹೋಗಿ, “ಅಜ್ಜಿ, ನನಗೂ ಈ ಕೆಲಸ ಕಲಿಸು” ಎಂದ.

“ಜೊತೆಗೆ ನಡೆಯಿರಿ ಸಾಹುಕಾರರೇ” ಎಂದಳು ಮುದುಕಿ.

ಅಂದು ಹತ್ತು ಜನ ಯಾತ್ರಿಕರಿದ್ದರು. ವ್ಯಾಪಾರಿ ಕೋಲು ಬೀಸುತ್ತ ಎಲ್ಲರಿಗಿಂತ ಮುಂದೆ ನಡೆದ. ಮುದುಕಿ ಎಲ್ಲರಿಗಿಂತ ಹಿಂದೆ. ಮುಕ್ಕಾಲು ಬೆಟ್ಟ ಏರಿದ ಮೇಲೆ ಒಂದು ಚಪ್ಪಟೆ ಕಲ್ಲು ಸಿಕ್ಕಿತು. ಉಸಿರು ತೆಗೆದುಕೊಳ್ಳಲು ಎಲ್ಲರೂ ಅಲ್ಲಿ ನಿಂತರು.

“ತುದಿಯಲ್ಲಿ ನಿಂತರೆ ಹೇಗಿರುತ್ತದೆ ಅಜ್ಜಿ?” ಎಂದ ವ್ಯಾಪಾರಿ.

“ಚೆನ್ನಾಗಿರುತ್ತದಂತೆ. ಗಾಳಿ ಸ್ವಲ್ಪ ಜಾಸ್ತಿಯಂತೆ.”

“ಅಂತೆಯೇ? ನೀನು ನೋಡಿಲ್ಲವೇ?”

“ಮೂವತ್ತು ವರ್ಷದಿಂದ ದಿನಾ ಯಾರಾದರೊಬ್ಬರು ಈ ಕಲ್ಲಿನ ಮೇಲೆ ಕೂತುಬಿಡುತ್ತಾರೆ. ‘ನನ್ನಿಂದಾಗದು, ನೀವು ಹೋಗಿ’ ಎನ್ನುತ್ತಾರೆ. ಅವರು ಏಳುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಇಲ್ಲಿಂದ ಮೇಲಕ್ಕೆ ದಾರಿ ಎಲ್ಲರಿಗೂ ಕಾಣುತ್ತದೆ. ಹೋಗುವವರಿಗೆ ನಾನು ಬೇಕಿಲ್ಲ.”

ವ್ಯಾಪಾರಿ ನಕ್ಕುಬಿಟ್ಟ. “ಹಾಗಾದರೆ ಇದು ಕಲ್ಲು ಕಾಯುವ ಕೆಲಸ!”

ಮುದುಕಿಯ ಕಣ್ಣು ಯಾತ್ರಿಕರ ಮೇಲಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಕಲ್ಲು ದಾಟಿದರು. ಏದುಸಿರು ಬಿಡುತ್ತಿದ್ದ ದಪ್ಪ ಅಕ್ಕಸಾಲಿಗನೂ ದಾಟಿದ. ಅಂದು ಒಬ್ಬರೂ ಕೂರಲಿಲ್ಲ. ಮುದುಕಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಇವತ್ತು ನೋಡಿಯೇಬಿಡುತ್ತೇನೆ ಸಾಹುಕಾರರೇ” ಎಂದು ಸರಸರನೆ ಹತ್ತು ಹೆಜ್ಜೆ ಏರಿದಳು.

ಹಿಂದಿನಿಂದ ನರಳಾಟ ಕೇಳಿಸಿತು. ತಿರುಗಿ ನೋಡಿದರೆ ವ್ಯಾಪಾರಿ ಕಲ್ಲಿನ ಮೇಲೆ ಕೂತಿದ್ದ. ಹೊಸ ಮೆಟ್ಟು ಎರಡೂ ಹಿಮ್ಮಡಿಗಳನ್ನು ಕಚ್ಚಿತ್ತು.

“ನನ್ನಿಂದಾಗದು. ನೀನು ಹೋಗಜ್ಜಿ” ಎಂದ.

“ಎಲ್ಲರೂ ಹೇಳುವುದು ಇದನ್ನೇ” ಎಂದು ಮುದುಕಿ ಇಳಿದು ಬಂದಳು. ಅವನ ಪಕ್ಕದಲ್ಲಿ ಕೂತು ಮಂಡಕ್ಕಿಯ ಗಂಟು ಬಿಚ್ಚಿದಳು. “ಮೊದಲು ಆ ಮೆಟ್ಟು ಕಳಚಿ. ಇದನ್ನಿಷ್ಟು ತಿನ್ನಿ. ಆಮೇಲೆ ಏಳುವಿರಂತೆ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಪಾಪ, ಆ ಮುದುಕಿ! ಕೊನೆಗಾದರೂ ತುದಿ ನೋಡಿದಳೇ ಗುರುಗಳೇ?”

“ಎಲ್ಲಿ ನೋಡುವುದಪ್ಪ, ನೀನಿನ್ನೂ ಎದ್ದಿಲ್ಲವಲ್ಲ” ಎಂದರು ಗುರುಗಳು.