ಗಾಳೆವ್ವನ ನಾಕು ಕೊಡ

ಹೂಂಗುಟ್ಟುವವರಿದ್ದರೆ ಹೇಳುತ್ತೇನೆ, ಕೇಳಿ. ನಗು ಬಂದರೆ ನಗಿ. ಯಾರನ್ನು ನೋಡಿ ನಕ್ಕಿರಿ ಅನ್ನುವುದನ್ನು ಮಾತ್ರ ಮನೆಗೆ ಹೋಗಿ ಯೋಚಿಸಿ.

ಹಮಾಲರ ಕಾಲೊನಿಯಲ್ಲಿ ಗಾಳೆವ್ವ ಅಂತ ಒಬ್ಬ ಮುದುಕಿ. ಅವಳಿಗೊಬ್ಬ ಮಗ, ಹೊನ್ನೂರ. ಮೂವತ್ತು ವರ್ಷದ ಗಟ್ಟಿ ಆಳು, ಬರೀ ಪೆದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು.

ಬೇಸಿಗೆ ಬಂತೆಂದರೆ ಊರಿಗೆಲ್ಲ ಸೇವೆಯ ಹುಚ್ಚು. ಅರವಟ್ಟಿಗೆ ಇಡುವವರು, ಗಿಡ ನೆಡುವವರು, ಸಾಮೂಹಿಕ ಮದುವೆ ಮಾಡಿಸುವವರು. ಫೋಟೊಕ್ಕೆ ನಿಲ್ಲಲು ಹತ್ತು ಜನ, ದುಡಿಯಲು ಹೊನ್ನೂರ. ಯುವಕ ಸಂಘದ ಪಂಪಣ್ಣ ಯಾವುದಕ್ಕೆ ಕರೆದರೂ ಅವನದು ಒಂದೇ ಮಾತು, "ಹೂಂ." ಅವನದು ಅಂತ ಇದ್ದ ಆಸೆಯೂ ಒಂದೇ. ಸಂಜೆ ತಂಡದ ಜೊತೆ ಹಲಗೆ ಬಾರಿಸುವುದು.

ಕಾಲೊನಿಗೆಲ್ಲ ಒಂದೇ ನಲ್ಲಿ. ಎಂಟು ದಿನಕ್ಕೊಮ್ಮೆ ನೀರು, ಅದೂ ಒಂದೇ ತಾಸು. ಗಾಳೆವ್ವನಿಗೆ ಸೊಂಟ ಹಿಡಿದು ತುಂಬಿದ ಕೊಡ ಎತ್ತಲು ಆಗದು.

"ಯಪ್ಪಾ, ಊರ ಕೆಲಸ ಎಷ್ಟಾದ್ರೂ ಮಾಡು. ಶನಿವಾರ ನಮ್ಮ ನಾಕು ಕೊಡ ತುಂಬಬೇಕು. ಇಲ್ಲಾಂದ್ರೆ ಎಂಟು ದಿನ ನಾಲಿಗೆ ಒಣಗಿಸ್ಕೊಂಡು ಕೂಡಬೇಕು!"

"ಹೂಂ, ಯವ್ವಾ!"

ಸೋಮವಾರ ಅರವಟ್ಟಿಗೆ. "ಬಂದವರಿಗೆ ಇಲ್ಲ ಅನ್ನಬ್ಯಾಡ. ಹೊಟ್ಟೆ ತುಂಬ ಮಜ್ಜಿಗೆ ಕುಡಿಸು," ಅಂದ ಪಂಪಣ್ಣ, ಅಂದು ಮನೆಗೆ ಹೋಗಿ ಮಲಗಿದ. ಆರು ಎಮ್ಮೆ ಬಂದವು. ಹೊನ್ನೂರ ಇಲ್ಲ ಅನ್ನಲಿಲ್ಲ. ಹಂಡೆ ಖಾಲಿ!

ಗಾಳೆವ್ವ ಹಣೆ ಬಡಿದುಕೊಂಡಳು. "ಏ ಮಂಕೇ! ಎರಡು ಕಾಲಿನವರಿಗೆ ಕುಡಿಸಬೇಕೋ! ಎರಡು ಕಾಲು ಐತೋ ಇಲ್ಲೋ ನೋಡಿ ಕುಡಿಸಬೇಕೋ!"

"ಹೂಂ, ಯವ್ವಾ! ಇನ್ನ ಮ್ಯಾಲೆ ಹಂಗೇ ಮಾಡ್ತೀನಿ!"

ಮಂಗಳವಾರ ಸಸಿಗಳಿಗೆ ನೀರು ಹಾಕುವ ಕೆಲಸ. ಹೊನ್ನೂರ ಬಕೆಟ್ ಹಿಡಿದು ಒಂದೊಂದೇ ಸಸಿಯ ಮುಂದೆ ಬಗ್ಗಿ ನೋಡಿದ. ತುಂಬಿದ ಬಕೆಟ್ ಹಾಗೇ ವಾಪಸ್ ತಂದ. ಸಸಿಗಳೆಲ್ಲ ಸಂಜೆಯೊಳಗೆ ಬಾಡಿ ಮಲಗಿದವು.

"ಯಾಕೋ ಹಾಕಲಿಲ್ಲ?"

"ಅವಕ್ಕೆ ಒಂದೇ ಕಾಲೈತಿ, ಯವ್ವಾ!"

ಊರೆಲ್ಲ ನಕ್ಕಿತು. ಮೇ ತಿಂಗಳ ಬಿಸಿಲಲ್ಲಿ ಸಸಿ ನೆಟ್ಟವರನ್ನು ಮಾತ್ರ ಯಾರೂ ಪೆದ್ದರು ಅನ್ನಲಿಲ್ಲ.

"ಕಾಲು ಎಣಿಸಬ್ಯಾಡೋ!" ಅಂದಳು ತಾಯಿ. "ಒಣಗಿದ್ದು ಕಂಡರೆ ನೆನೆಯೋ ಹಂಗೆ ನೀರು ಸುರಿಯೋ!"

"ಹೂಂ, ಯವ್ವಾ!"

ಬುಧವಾರ ಸಂಜೆ ಹಲಗೆ. ಹಿರಿಯರು ಹುಲ್ಲಿನ ಬೆಂಕಿಗೆ ಹಲಗೆ ಕಾಯಿಸಿ ಸಾಲಾಗಿ ಇಟ್ಟಿದ್ದರು. ಚರ್ಮ ಒಣಗಿ ಬಿಗಿದರೇ ಹಲಗೆ ಮಾತಾಡುವುದು. ಹೊನ್ನೂರ ಮುಟ್ಟಿ ನೋಡಿದ. ಅಯ್ಯೋ, ಒಣಗ್ಯಾವಲ್ಲ! ಐದಕ್ಕೂ ನೀರು ಸುರಿದ, ತನ್ನದನ್ನೂ ಬಿಡಲಿಲ್ಲ. ಕಣಕಣ ಅನ್ನುತ್ತಿದ್ದದ್ದು ದಬ್ ಅಂತು. ತಂಡದವರು ಅವನನ್ನು ಹೊರಗೆ ಹಾಕಿದರು.

ಆ ದಿನ ಅವನು ಅತ್ತ. ಗಾಳೆವ್ವನೂ ಅತ್ತಳು, ಅಳುತ್ತಲೇ ಬೈದಳು. "ಮಂದೀದು ಯಾಕೆ ಮುಟ್ಟೀಯೋ! ಮೊದಲು ನಿಂದು ನೋಡ್ಕೋ. ಆಮೇಲೆ ಮಂದೀದು!"

"ಹೂಂ, ಯವ್ವಾ! ಮೊದಲು ನಂದು!"

ಶುಕ್ರವಾರ ಸಾಮೂಹಿಕ ಮದುವೆ. ಹನ್ನೆರಡು ಜೋಡಿ, ಅವರ ನೆಂಟರು, ಎಲೆ ಮುಂದೆ ಕೂತಿದ್ದಾರೆ. ಅನ್ನದ ಬುಟ್ಟಿ ಹೊನ್ನೂರನ ಕೈಯಲ್ಲಿ. ಅವನು ನಡುವೆ ಚಕ್ಕಳಮಕ್ಕಳ ಕೂತ, ತನ್ನ ಎಲೆ ಹಾಸಿಕೊಂಡ, ಬಡಿಸಿಕೊಂಡ, ಉಂಡ. ಮದುಮಕ್ಕಳು ಬಾಯಿಬಾಯಿ ಬಿಟ್ಟು ನೋಡಿದರು. ಪಂಪಣ್ಣ ಎಲ್ಲರೆದುರು ಅವನ ತಲೆಗೆ ಮೊಟಕಿದ.

"ಮಾನ ಕಳೆದೆಲ್ಲೋ!" ಅಂದಳು ಗಾಳೆವ್ವ. "ಬಡಿಸೋನು ಸಾಲಿನವರಿಗೆಲ್ಲ ಬಡಿಸಬೇಕು. ಒಬ್ಬರೂ ಉಳೀಬಾರದು. ಕಟ್ಟಕಡೆಗೆ ತನ್ನ ಎಲೆ! ತಿಳೀತಾ?"

"ತಿಳೀತು, ಯವ್ವಾ! ಕಟ್ಟಕಡೆಗೆ ನಮ್ಮ ಎಲೆ!"

ಶನಿವಾರ ಬಂತು. ಗಾಳೆವ್ವ ಬೆಳಕು ಹರಿಯುವ ಮೊದಲೇ ಕುಂಟುತ್ತ ಹೋಗಿ ನಾಕು ಕೊಡವನ್ನೂ ಸಾಲಿನ ತಲೆಗೇ ಇಟ್ಟಳು, ಮಗನನ್ನು ನಿಲ್ಲಿಸಿ ಬಂದಳು. ನೀರು ಬಂತು. ಹೊನ್ನೂರ ತಮ್ಮ ಕೊಡಗಳನ್ನು ಪಕ್ಕಕ್ಕೆ ಸರಿಸಿದ.

"ಬರ್ರಿ ಅಕ್ಕಾ! ಬರ್ರಿ ಚಿಗವ್ವಾ! ಒಬ್ಬರೂ ಉಳೀಬಾರದು!"

ಒಂದು ತಾಸು ಹಿಡಿದೇ ಹಿಡಿದ. ಎತ್ತಿ ತಲೆ ಮೇಲೂ ಇಟ್ಟ. ಪಂಪಣ್ಣನ ಮನೆಯವರು ಕೊಡದ ಜೊತೆ ಡ್ರಮ್ಮನ್ನೂ ತಂದರು. "ಎಂಥ ಒಳ್ಳೇ ಹುಡುಗ!" ಅಂದರು ಎಲ್ಲರೂ. "ನಿಮ್ಮ ಕೊಡ ತುಂಬಿತೇನೋ?" ಅಂತ ಒಬ್ಬರೂ ಕೇಳಲಿಲ್ಲ. ಸಾಲಿನವರ ಕಡೆಯ ಕೊಡ ತುಂಬಿತು. ನಲ್ಲಿ ಸುಸ್ ಅಂತು. ನಿಂತಿತು.

ಗಾಳೆವ್ವ ಚೊಂಬು ಹಿಡಿದು ಮನೆಮನೆಗೆ ಹೋದಳು.

"ನಮಗೇ ಸಾಲದು, ಗಾಳೆವ್ವ. ಅಂದಂಗ ನಾಳೆ ಹೊನ್ನೂರನ್ನ ಕಳಿಸು, ಕೆಲಸ ಐತಿ."

ಎಲ್ಲ ಬಾಗಿಲಲ್ಲೂ ಅದೇ ಮಾತು. ಪಂಪಣ್ಣನ ಬಾಗಿಲಲ್ಲೂ ಅದೇ ಮಾತು.

ಅವಳು ಖಾಲಿ ಚೊಂಬಿನೊಂದಿಗೆ ನಲ್ಲಿಯ ಹತ್ತಿರ ಬಂದಳು. ಒಣಗಿದ ನಲ್ಲಿಯ ಕೆಳಗೆ ಮಗ ಎರಡು ಮುತ್ತುಗದ ಎಲೆ ಹಾಸಿ, ಚಕ್ಕಳಮಕ್ಕಳ ಹಾಕಿ, ಕೈ ತೊಡೆಯ ಮೇಲಿಟ್ಟು ಕಾಯುತ್ತಿದ್ದ.

"ಸಾಲಿನವರದೆಲ್ಲ ಆತು, ಯವ್ವಾ! ಬಾ, ಕೂಡು. ಈಗ ನಮ್ಮ ಸರದಿ!"