ಬೆಳಕು ಸಾಕಷ್ಟಿದೆ

ಸಾಹೇಬರು ಕಚೇರಿಗೆ ಹೊಸ ವಿನ್ಯಾಸ ಮಾಡಿಸಿದರು. ಇದ್ದ ಒಂದೇ ಕಿಟಕಿ ತಮ್ಮ ಕೋಣೆಗೆ ಸೇರುವಂತೆ ಪ್ಲೈವುಡ್ ಗೋಡೆ ಎಬ್ಬಿಸಿದರು. ಗೋಡೆಯಾಚೆ ಆರು ಜನ ಗುಮಾಸ್ತರು, ಒಂದು ಮಂಕು ಬಲ್ಬು. ನೌಕರರ ಏಕಾಗ್ರತೆಗೆ ಇದೇ ಒಳ್ಳೆಯದಂತೆ.

ಆಮೇಲೆ ಹಿರಿಯ ಗುಮಾಸ್ತೆಯನ್ನು ಕರೆದರು. "ನಾಳೆ ಮೇಲಿನವರು ತಪಾಸಣೆಗೆ ಬರ್ತಾರೆ. ಎಲ್ಲರಿಗೂ ತೃಪ್ತಿಯಾಗಿದೆ, ಬೆಳಕು ಸಾಕಷ್ಟಿದೆ ಅಂತ ವರದಿ ಬರೀರಿ. ಇಲ್ಲಾಂದ್ರೆ ಎಲ್ಲರ ರಜೆ ರದ್ದು!"

"ಆಗಲಿ ಸಾರ್. ಆದ್ರೆ ಸ್ಥಳ ಪರಿಶೀಲಿಸಿದ್ದಕ್ಕೆ ನಿಮ್ಮ ಸಹಿ ಬೇಕು. ನನ್ನ ಮೇಜಿಗೇ ಬಂದುಬಿಡಿ."

ಸಾಹೇಬರು ಬಂದರು. ಕುರ್ಚಿಗೆ ಮೊಣಕಾಲು ಬಡಿಸಿಕೊಂಡರು. ಆಕೆ ಕೊಟ್ಟ ಕಾಗದಗಳನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಒರೆಸಿದರು. ಕಾಣುತ್ತಿಲ್ಲ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಆಕೆ ಬೆರಳಿಟ್ಟು ತೋರಿಸಿದ ಕಡೆ ಎರಡೂ ಹಾಳೆಗಳಿಗೆ ಸಹಿ ಜಡಿದರು.

ಮೂಲ ಪ್ರತಿಗಳು ಆಕೆಯ ಫೈಲು ಸೇರಿದವು. ಸಾಹೇಬರು ನಕಲುಗಳನ್ನು ತಮ್ಮ ಕಿಟಕಿಯ ಬಳಿ ಒಯ್ದು ಓದಿದರು. ಮೊದಲನೆಯದು ವರದಿ. ಎರಡನೆಯದು ಅವರದೇ ಆದೇಶ: "ನಾಳೆಯಿಂದ ಗುಮಾಸ್ತರು ಕಿಟಕಿಯ ಕೋಣೆಯಲ್ಲಿ ಕೂರತಕ್ಕದ್ದು. ನಾನು ಬಲ್ಬಿನ ಕೆಳಗೆ ಕೂರುತ್ತೇನೆ."

"ಏನಮ್ಮಾ ಇದು ಮೋಸ! ನಾನು ಓದದೇ ಸಹಿ ಹಾಕಿದ್ದು!"

"ಯಾಕೆ ಓದಲಿಲ್ಲ ಸಾರ್? ಕಾರಣ ಬರೆದುಕೊಡಿ. ಆದೇಶ ಈಗಲೇ ಹರಿದುಹಾಕ್ತೀನಿ. ಕಾರಣವನ್ನ ವರದಿಗೆ ಲಗತ್ತಿಸ್ತೀನಿ."

ಸಾಹೇಬರು ಪೆನ್ನು ತೆರೆದರು. ಮುಚ್ಚಿದರು. ಬಡಗಿಗೆ ಫೋನು ಮಾಡಿದರು.

ಮರುದಿನ ತಪಾಸಣೆಗೆ ಬಂದವರಿಗೆ ಗೋಡೆ ಕಾಣಲಿಲ್ಲ. ಸಾಹೇಬರೇ ಎದೆಯುಬ್ಬಿಸಿ ವಿವರಿಸಿದರು: "ಗೋಡೆ ತೆಗೆಸಿದ್ದು ನಾನೇ. ನೌಕರರ ಏಕಾಗ್ರತೆಗೆ ಇದೇ ಒಳ್ಳೆಯದು."