ಹಳೆಯ ವಿಂಡೋಸ್ ಹೊಸ ಮನೆ ಹೊಕ್ಕದ್ದು

ಗದಗಿನ ಒಂದು ಅಂಧ ಮಕ್ಕಳ ಶಾಲೆಯಲ್ಲಿ ಬ್ರೈಲ್ ಮುದ್ರಣಾಲಯವಿತ್ತು. ಅದರ ಜೀವವೆಲ್ಲ ಒಂದು ಮುದಿ ಕಂಪ್ಯೂಟರಿನಲ್ಲಿತ್ತು. ಕನ್ನಡ ಪಾಠವನ್ನು ಬ್ರೈಲ್ ಚುಕ್ಕಿಗಳಾಗಿ ತಿರುಗಿಸುವ ಪ್ರೋಗ್ರಾಂ ಇದ್ದದ್ದು ಅದರ ವಿಂಡೋಸಿನಲ್ಲಿ ಮಾತ್ರ. ಅದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಹೊಸದಾಗಿ ಹಾಕಿಕೊಳ್ಳೋಣವೆಂದರೆ ಸಿಡಿಯೂ ಇಲ್ಲ, ಕೇಳೋಣವೆಂದರೆ ಯಾರೂ ಇಲ್ಲ.

ಆ ಕಂಪ್ಯೂಟರು ದಮ್ಮು ಹತ್ತಿದವರಂತೆ ಸದ್ದು ಮಾಡುತ್ತ ನಡುನಡುವೆ ನಿಂತುಬಿಡತೊಡಗಿತು. ಶಾಲೆ ತೆರೆಯುವ ಕಾಲ ಹತ್ತಿರವಿತ್ತು. ಪುಸ್ತಕ ಅಚ್ಚಾಗದಿದ್ದರೆ ಮಕ್ಕಳು ಆ ವರ್ಷವೆಲ್ಲ ಕೇಳಿಸಿಕೊಂಡೇ ಕಲಿಯಬೇಕು.

ಮುದ್ರಣ ನೋಡಿಕೊಳ್ಳುತ್ತಿದ್ದ ದಾವಲಸಾಬನಿಗೂ ಕಣ್ಣಿರಲಿಲ್ಲ. ಅವನು ಗೋದಾವರಿಬಾಯಿಯವರನ್ನು ಕರೆಸಿದ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾಗಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅವರನ್ನು ಊರೆಲ್ಲ 'ಅಕ್ಕೋರು' ಎನ್ನುತ್ತಿತ್ತು. ಜೊತೆಗೆ ಶಿಷ್ಯ ಮಹಾಂತೇಶ ಬಂದ. ಕೈ ಚುರುಕು, ತಾಳ್ಮೆ ಕಡಿಮೆ.

ಶಾಲೆಗೆ ದಾನವಾಗಿ ಬಂದ ಹೊಸ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಇತ್ತು.

"ಹಳೇ ವಿಂಡೋಸನ್ನ ಇದ್ದದ್ದು ಇದ್ದಂಗ ಇದರೊಳಗ ಕೂಡ್ರಿಸು," ಎಂದರು ಅಕ್ಕೋರು.

ಲಿನಕ್ಸಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕಟ್ಟಬಹುದು. ಕೈಯಿಂದ ಮುಟ್ಟಲಾಗದು, ಕೆಲಸ ಮಾತ್ರ ನಿಜವಾದ್ದರಂತೆಯೇ ಮಾಡುತ್ತದೆ. ಅದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಮಹಾಂತೇಶ ಹಳೆಯ ಡಿಸ್ಕನ್ನು ಒಂದು ಚೂರೂ ಬಿಡದೆ ನಕಲಿಳಿಸಿದ. ನಕಲು ಮುಗಿದ ಮರುದಿನ ಮುದಿ ಕಂಪ್ಯೂಟರು ಡಿಸ್ಕಿನ ಸಮೇತ ಶಾಶ್ವತವಾಗಿ ಕಣ್ಣು ಮುಚ್ಚಿತು. ಉಳಿದದ್ದು ಆ ನಕಲೊಂದೇ.

ಅದನ್ನು ಅವನು ಹೊಸ ಬಗೆಯ, ಅತಿ ವೇಗದ ಡಿಸ್ಕಾಗಿ ವರ್ಚುವಲ್ ಮಷೀನಿಗೆ ಜೋಡಿಸಿದ. ಚಾಲೂ ಮಾಡಿದ. ಎದುರಿಗೆ, ವಿಂಡೋಸ್ ಕುಸಿದುಬಿದ್ದಾಗ ಬರುವ ನೀಲಿ ಪರದೆ. ಮತ್ತೆ ಮಾಡಿದ. ಮತ್ತೆ ಅದೇ.

"ನೀಲಿ ಪರದೆ ಬರಾಕತ್ತೈತ್ರಿ ಅಕ್ಕೋರ. ಈ ವಿಂಡೋಸ್ ಕೆಟ್ಟು ಕೆರ ಹಿಡದೈತಿ!"

"ನೀಲಿ ಅಂದ್ರ ಹೆಂಗಿರ್ತೈತೋ ನನಗ ಗೊತ್ತಿಲ್ಲ ತಮ್ಮಾ," ಎಂದ ದಾವಲಸಾಬ. "ನಿನ್ನ ದನಿ ಕೇಳಿದ್ರ ಭಾಳ ಕೆಟ್ಟ ಬಣ್ಣ ಇರಬೇಕು."

ಮಹಾಂತೇಶನಿಗೆ ನಗು ಬರಲಿಲ್ಲ. "ಒಳಗ ಹೊಕ್ಕು ರಿಪೇರಿ ಮಾಡೇಬಿಡ್ತೀನ್ರಿ."

"ಇರೂದು ಒಂದೇ ನಕಲು. ಅದೂ ಹೋದರ?" ಎಂದರು ಅಕ್ಕೋರು.

ಅವನ ಕೈ ಅಲ್ಲೇ ನಿಂತಿತು.

"ಮೊದಲು ನಕಲಿಗೊಂದು ನಕಲು ಮಾಡು. ಆಮ್ಯಾಲೆ ಕೇಳು. ಇಷ್ಟು ವರ್ಷ ಅದಕ್ಕ ಒಂದೇ ನಮೂನಿ ಡಿಸ್ಕ್ ಗೊತ್ತು. ನೀ ಅದು ಕಂಡು ಕೇಳದ್ದನ್ನ ಮುಂದಿಟ್ಟು, ಏಳಲಿಲ್ಲ ಅಂತ ಬೈತೀ. ಗೊತ್ತಿದ್ದದ್ದನ್ನ ಕೊಡು ಮೊದಲು."

ಮಹಾಂತೇಶ ಹೇಳಿದಂತೆ ಮಾಡಿದ. ಹಳೆಯ ಬಗೆಯ ಡಿಸ್ಕಾಗಿ ಜೋಡಿಸಿದೊಡನೆ ವಿಂಡೋಸ್ ಎದ್ದಿತು. ನಡಿಗೆ ಮಾತ್ರ ಆಮೆಯದು.

"ಎದ್ದೈತಲ್ರಿ, ಸಾಕು."

"ಸಾಕೋ ಸಾಲದೋ, ದಿನಾ ಅದರ ಮುಂದ ಕೂಡಾಂವ ಹೇಳಬೇಕು. ಈಗ ಅದರ ಮಗ್ಗಲಕ್ಕ ಹೊಸ ನಮೂನಿದು ಒಂದು ಸಣ್ಣ ಖಾಲಿ ಡಿಸ್ಕ್ ಇಡು."

ವಿಂಡೋಸ್ ಆ ಹೊಸ ಡಿಸ್ಕನ್ನು ಕಂಡು ತಬ್ಬಿಬ್ಬಾಯಿತು, ಆದರೆ ಬೀಳಲಿಲ್ಲ. ಅದು ಎದ್ದು ನಿಂತ ಡಿಸ್ಕು, ಅದರ ನೆಲ, ಹಳೆಯ ಬಗೆಯದೇ ಇತ್ತಲ್ಲ! ಹೊಸ ಬಗೆಯ ಡಿಸ್ಕನ್ನು ಬಳಸಲು ವಿಂಡೋಸಿಗೆ ಕಲಿಸುವ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಂ ಹಾಕಿದರು. ಈಗ ಅದು ಹೊಸದನ್ನು ಗುರುತು ಹಿಡಿಯಿತು. ಆಮೇಲಷ್ಟೇ ಅಕ್ಕೋರು ದೊಡ್ಡ ಡಿಸ್ಕನ್ನೂ ಹೊಸ ಬಗೆಗೆ ಬದಲಿಸಹೇಳಿದರು. ಮಹಾಂತೇಶ ಉಸಿರು ಬಿಗಿಹಿಡಿದು ಚಾಲೂ ಮಾಡಿದ. ವಿಂಡೋಸ್ ಕರೆದ ಕೂಡಲೇ ಎದ್ದಿತು. ಬೈದದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

ದಾವಲಸಾಬ ಬಂದು ಕುಳಿತ. ಬೆರಳುಗಳು ತಾವಾಗಿಯೇ ಕೀಲಿಗಳ ಮೇಲೆ ಓಡಿದವು. ಮುದ್ರಣಯಂತ್ರ ಟಕಟಕನೆ ಕುಟ್ಟತೊಡಗಿತು. ಹೊರಬಂದ ಹಾಳೆಯನ್ನು ಅವನು ನಿಧಾನವಾಗಿ ಸವರಿ ಓದಿದ. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

"ಏನೇನೋ ಹೊಸಾದು ಮಾಡೀವಿ ಅಂತೀರಿ," ಎಂದ ಅವನು, "ನನ್ನ ಕೈಗೆ ಏನೂ ಫರಕ ಗೊತ್ತಾಗವಲ್ದಲ್ರಿ?"

ಇದಕ್ಕಿಂತ ದೊಡ್ಡ ಶಹಬ್ಬಾಸ್ ಇಲ್ಲವೆಂದು ಮಹಾಂತೇಶನಿಗೆ ತಿಳಿಯಿತು. ಅವನು ಅಕ್ಕೋರಿಗೆ ಕೈ ಮುಗಿದ.

ನೀತಿ: ಹಳಬರನ್ನು ಹೊಸದಕ್ಕೆ ಕರೆತರುವವನು ಮೊದಲು ಅವರಿಗೆ ಪರಿಚಯದ ನೆಲ ಕೊಡಬೇಕು. ಅಲ್ಲಿ ನಿಂತು ಅವರು ಹೊಸದನ್ನು ಕಲಿಯುತ್ತಾರೆ. ಕಲಿಸದೆ ಪರೀಕ್ಷೆ ಇಟ್ಟು, ಬಿದ್ದವರನ್ನು ಕೆಟ್ಟವರೆನ್ನುವುದು ಅನ್ಯಾಯ.